ಮೈಕಿನಲ್ಲಿ ಹೇಳಿದ ಸುಳ್ಳು

ಬೈಂದೂರು ಬಸ್‌ಸ್ಟ್ಯಾಂಡಿನ ಎದುರು, ಮಹಡಿ ಮೇಲೆ ಕಂಪ್ಯೂಟರ್ ಕಲಿಸುವ ಸ್ವರ್ಣಲತಾಳಿಗೆ ಬೇರೆಯವರ ಬೀಗ ಮುರಿಯುವುದು ಗೊತ್ತಿತ್ತು. ಕೇಳದೆ ಮುರಿಯಬಾರದೆಂಬುದೂ ಗೊತ್ತಿತ್ತು. ಅನುಮತಿ ಪಡೆದು ಒಳನುಗ್ಗಿ, ಕಂಡ ಬಿರುಕನ್ನು ಯಜಮಾನರಿಗೇ ತೋರಿಸುವುದನ್ನು ಎಥಿಕಲ್ ಹ್ಯಾಕಿಂಗ್ ಅನ್ನುತ್ತಾರೆ. ಮರವಂತೆಯ ಬೋಟು ಮಾಲೀಕರ ಪಾಲಿಗೆ ಮಾತ್ರ ಅದು ಕಳ್ಳತನ.

2013ರಲ್ಲಿ ಮಾಲೀಕರ ಸಂಘ ರಿಯಾಯಿತಿ ದರದ ಡೀಸೆಲ್ ಹಂಚಿಕೆಯನ್ನು ವೆಬ್‌ಸೈಟಿಗೆ ಹಾಕಿತು. ಬೋಟಿಗೊಂದು ಖಾತೆ, ಖಾತೆಗೊಂದು ಪಾಸ್‌ವರ್ಡ್. ಅಧ್ಯಕ್ಷ ರತ್ನಾಕರ ತಾನಾಗಿಯೇ ಅವಳ ಬಳಿ ಬಂದು, "ಹೊರಗಿನವ್ರ್ ಒಳ್ಗ್ ಹೋಪುಕೆ ಆತ್ತಾ, ನೀನೇ ಒಂದ್ಸಲ ಕಾಣ್" ಎಂದಿದ್ದ. ಅವಳು ಬಂದರಿಗೆ ಹೋಗಿ ಬೋಟುಗಳ ಮೂತಿಯ ಮೇಲೆ ಬರೆದ ದೇವರ ಹೆಸರು ಓದಿಕೊಂಡು ಬಂದಳು, ಅಷ್ಟೆ. ಒಂದೊಂದೇ ದೇವರ ಹೆಸರು ಒತ್ತಿದಂತೆ ಒಂದೊಂದೇ ಖಾತೆ ತೆರೆಯಿತು. ಈ ಮಹಾನುಭಾವರು ತಮ್ಮ ಪಾಸ್‌ವರ್ಡನ್ನೇ ಬೋಟಿನ ಮೇಲೆ ಬಣ್ಣದಲ್ಲಿ ಬರೆಸಿ ಕಡಲಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದರು.

ಸಂಘದ ಸಭೆಯಲ್ಲಿ ಅವಳು ಇದನ್ನು ಹೇಳಿ, ಪಾಸ್‌ವರ್ಡ್ ಬದಲಿಸಿ ಎಂದಳು. ದೇವರ ಹೆಸರು ತೆಗೆಯಲು ಹೇಳುವ ಇವಳ್ಯಾರು ಎಂದು ಮಾಲೀಕರು ಮೈಮೇಲೆ ಬಂದವರಂತೆ ಎಗರಿದರು. ಖಾತೆ ಮುಟ್ಟಲು ಹೇಳಿದವರು ಯಾರೆಂದು ಕೇಳಿದರು. ಅವಳು ರತ್ನಾಕರನ ಮುಖ ನೋಡಿದಳು. ಅವನು ಮೈಕ್ ಎಳೆದುಕೊಂಡು, "ನಾನ್ ಯಾರಿಗೂ ಹೇಳ್ಲಿಲ್ಲ" ಎಂದ. ಕಣ್ಣು ಮಿಟುಕಿಸದೆ ಹೇಳಿದ, ಪಾಪಿ.

ಅಂದಿನಿಂದ ಅವಳು ಕಳ್ಳಿ. ಬಂದರಿನಲ್ಲಿ ಮೀನು ಕೊಂಡು ಮನೆಮನೆಗೆ ಹೊತ್ತು ಮಾರುವ ಅವಳ ತಾಯಿ ಬೆಳ್ಳಿ, ಕಳ್ಳಿಯ ಅಬ್ಬಿ. ಏಲಂನಲ್ಲಿ ಬೆಳ್ಳಿಯ ಕೂಗು ಯಾರ ಕಿವಿಗೂ ಬೀಳದು. ಉಳಿದವರು ಆರಿಸಿ ಬಿಟ್ಟ ಮೀನೇ ಅವಳ ಬುಟ್ಟಿಗೆ. ತನ್ನಿಂದ ತಾಯಿಗೂ ಈ ಹೆಸರು ಅಂಟಿತಲ್ಲ ಎಂಬುದೇ ಸ್ವರ್ಣಲತಾಳ ಸಂಕಟ.

ಎರಡು ಮಳೆಗಾಲ ಕಳೆದು, ಬೋಟು ಕಡಲಿಗಿಳಿಯುವ ವಾರವೇ ಯಾರೋ ಅದೇ ದೇವರ ಹೆಸರು ಒತ್ತಿ ಖಾತೆಗಳಿಗೆ ನುಗ್ಗಿ ಎಲ್ಲರ ಪಾಲಿನ ಡೀಸೆಲ್ ಎತ್ತಿಬಿಟ್ಟರು. ಖಾತೆ ಸರಿಯಾಗುವವರೆಗೆ ಬಂಕಿನವರು ತೊಟ್ಟು ಡೀಸೆಲ್ ಕೊಡುವುದಿಲ್ಲವೆಂದರು. ರತ್ನಾಕರ ಕಳ್ಳಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿ ಬಂದು, ಸರಿಮಾಡಿಕೊಡು ಎಂದು ಗೋಗರೆದ.

"ಮಾಡ್ಕೊಡ್ತೆ. ಅವತ್ತ್ ಮೈಕಲ್ಲ್ ಸುಳ್ಳ್ ಹೇಳಿದ್ರಿ. ಮೈಕಲ್ಲೇ ನಿಜ ಹೇಳಿ" ಎಂದಳು ಸ್ವರ್ಣಲತಾ.

ತನ್ನ ಮರ್ಯಾದೆ ಹೋಗುತ್ತದೆ ಎಂದ. ಊರಲ್ಲಿ ಮರ್ಯಾದೆ ಇರುವುದು ಇವನೊಬ್ಬನಿಗೇ ನೋಡಿ. ಬಂದ ದಾರಿಯಲ್ಲೇ ಇಳಿದು ಹೋದ.

ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಮರುದಿನ ಒಂದು ಬೋಟೂ ಕದಲಲಿಲ್ಲ. ಮೀನಿಲ್ಲದ ಬಂದರಿಗೆ ಬೆಳ್ಳಿ ಬುಟ್ಟಿ ಹೊತ್ತು ಬಂದಳು. ಮಾಲೀಕರೆಲ್ಲ ಸಂಘದ ಬಾಗಿಲಲ್ಲಿ ನೆರೆದಿದ್ದರು. ಅವರ ನಡುವೆಯೇ ಬುಟ್ಟಿ ಕವುಚಿ ಹಾಕಿ ಕೂತಳು. ರತ್ನಾಕರ ಹೊರಬಂದಾಗಲೂ ಏಳಲಿಲ್ಲ.

"ಹ್ವಾಯ್," ಎಂದಳು, "ಮೈಕ್ ಎಲ್ಲ್ ಇಟ್ಟಿರಿ?"