ಹಾಲಿಗೆ ಬೆರೆಸಿದ ಪುಡಿ

ಮಾನ್ವಿಯ ನಾದಿನಿ ರಾಯಚೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಏನಾದರೊಂದು ಜ್ಞಾನ ಹೊತ್ತು ತರುತ್ತಾಳೆ. ಹೋದ ಸಲ ಸ್ಟೀಲ್ ಡಬ್ಬಿಯಲ್ಲಿ ಬಿಳಿ ಪುಡಿ ತಂದಳು. ಕೊಲಾಜೆನ್ ಅಂತೆ.

"ವೈನಿ, ಯವ್ವನ ಮಣಕಾಲಿಗೆ ದಿನಾ ಒಂದು ಚಮಚ ಹಾಲಾಗ ಹಾಕಿ ಕೊಡ್ರಿ. ನಾನೂ ತಗೋತೀನಿ. ನನ್ನ ಮುಖ ನೋಡ್ರಿ, ಹೆಂಗ ಹೊಳ್ಯಾಕತ್ತದ."

ನೋಡಿದೆ. ದೀಪಾವಳಿಗೆ ಬಂದಾಗ ಇದ್ದ ಮುಖವೇ. ಕ್ರೀಮು ಮಾತ್ರ ಹೆಚ್ಚಾಗಿತ್ತು.

ನಮ್ಮ ಅತ್ತೆ ಮುಂಜಾನೆ ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸಿ, ಹಾಲನ್ನು ಮೊದಲು ಶಿವನಿಗೆ ತೋರಿಸಿ ಆಮೇಲೆ ಕುಡಿಯುವವರು. ಮೊಟ್ಟೆ ಹಾಕಿದ ಕೇಕು ಮನೆಗೆ ಬಂದ ದಿನ ಊಟ ಬಿಟ್ಟವರು. ಮಗಳು ತಂದ ಮಣಕಾಲಿನ ಔಷಧ ಎಂದು ಅವರಿಗೆ ಹೇಳಿ, ಆ ಹಾಲಿಗೇ ಹನ್ನೊಂದು ದಿನ ಪುಡಿ ಬೆರೆಸಿದೆ. ಏನು, ಎತ್ತ ಎಂದು ಕೇಳದೆ ಬೆರೆಸಿದ್ದು ನನ್ನ ದಡ್ಡತನ.

ದೇವದುರ್ಗದಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ತಂಗಿ ಬಂದವಳು ಡಬ್ಬಿ ಮೂಸಿ ನಕ್ಕಳು.

"ಅಕ್ಕಾ, ಕೊಲಾಜೆನ್ ಅಂದ್ರ ಮೂರು ಎಳಿ ಹೊಸೆದ ಹಗ್ಗ ಇದ್ದಂಗ. ಚರ್ಮ, ಎಲುಬು, ಕೀಲು ಬಿಗಿಯಾಗಿ ಹಿಡದಿಡೋದು ಅದೇ. ಪ್ರಾಣಿ ಮೈಯಾಗ ಇರ್ತದ, ಗಿಡದಾಗ ಇರಾಂಗಿಲ್ಲ."

"ಹಂಗಾರ ಇದು?"

"ದನದ ಚರ್ಮದ್ದೋ, ಮೀನಿಂದೋ. ಪುಡಿ ಮಾಡುವಾಗಲೇ ಹಗ್ಗ ಬಿಚ್ಚಿರ್ತದ, ಹೊಟ್ಟ್ಯಾಗ ಇನ್ನೂ ಚೂರಾಗ್ತದ. ನೆಟ್ಟಗ ಮಣಕಾಲಿಗೆ ಹೋಗಿ ಕೂಡಾಕ ಅದಕ್ಕೇನು ದಾರಿ ಗೊತ್ತದ? ಬ್ಯಾಳಿ ತಿಂದ್ರೂ ಮೈ ತನ್ನ ಹಗ್ಗ ತಾನೇ ಹೊಸೀತದ."

ಕೂಡಲೇ ನಾದಿನಿಗೆ ಫೋನ್ ಹಚ್ಚಿದೆ.

"ಪಾಕೀಟಿನ ಮ್ಯಾಲ ಮಾಂಸದ ಕಂದು ಗುರುತಿತ್ತು ವೈನಿ, ಅದಕ್ಕೇ ಡಬ್ಬಿಗೆ ಸುರುವಿದೆ. ಔಷಧಕ್ಕ ಎಂಥಾ ಮಡಿ? ಯವ್ವಗ ಹೇಳಬ್ಯಾಡ್ರಿ."

ಗೊತ್ತಿದ್ದೇ ತಂದಿದ್ದಳು. ಹೆತ್ತವಳ ನೇಮಕ್ಕಿಂತ ತನ್ನ ಶಾಣ್ಯಾತನವೇ ಇವಳಿಗೆ ದೊಡ್ಡದು.

ಡಬ್ಬಿಯಲ್ಲಿ ಉಳಿದಿದ್ದ ಅರ್ಧ ಪುಡಿ ಮೋರಿಗೆ ಹೋಯಿತು. ಶಿವ ಹನ್ನೊಂದು ದಿನಕ್ಕೇ ನಿಲ್ಲಿಸಿದ. ಸುಮ್ಮನಿದ್ದರೆ ಅತ್ತೆಗೆ ತಿಳಿಯುತ್ತಿರಲಿಲ್ಲ. ಹೇಳಿದರೆ ನನ್ನ ಕೈಯ ನೀರನ್ನೂ ಅವರು ಮುಟ್ಟದಿರಬಹುದಿತ್ತು. ಮರುದಿನ ಪೂಜೆಗೆ ಮೊದಲೇ ಎಲ್ಲ ಹೇಳಿಬಿಟ್ಟೆ.

ಅತ್ತೆ ಲೋಟ ನೋಡಿದರು. "ಇದು?"

"ಬರೇ ಹಾಲ್ರೀ."

"ಅಕಿಗೆ ಗೊತ್ತಿತ್ತೇನು?"

"ಗೊತ್ತಿತ್ರೀ."

ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡರು.

"ನೋವೇನೂ ಕಮ್ಮಿ ಆಗಿದ್ದಿಲ್ಲ ಬಿಡು. ಮಗಳು ತಂದಾಳಂತ ಕಮ್ಮಿ ಆಗೇದ ಅಂತಿದ್ದೆ. ಇನ್ನ ಅಕಿ ಬಂದಾಗ ನನ್ನ ಹಾಲು ನೀನೇ ಕಾಸು."

ಆಮೇಲೆ ನಾನು ಕೊಟ್ಟ ಲೋಟವನ್ನು ಶಿವನಿಗೆ ತೋರಿಸಿ, ಕೊನೆಯ ಗುಟುಕಿನವರೆಗೂ ಕುಡಿದರು. ನನಗೆ ಅಷ್ಟು ಸಾಕು.