ಫ್ಲಾಪಿಗೆ ಹಚ್ಚಿದ ವಿಭೂತಿ

ನನ್ನದು ಸಂಶಯದ ಸ್ವಭಾವ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವಾಗಿಯೇ ಕಂಡುಹಿಡಿದರೆ, ಇವರಿಗೆ ಯಾರು ಹೇಳಿರಬಹುದು ಎಂದು ಇನ್ನೊಂದು ಸಂಶಯ ಹುಟ್ಟಿಕೊಳ್ಳುತ್ತದೆ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಮೂರು ಸಲ ಜಗ್ಗಿದ್ದರಿಂದಲೇ ಅದು ಸಡಿಲಾಗಿರಬಹುದೆಂದು ನಾಲ್ಕನೆಯ ಸಲವೂ ಜಗ್ಗುತ್ತೇನೆ. ಹಾಲಿನಲ್ಲಿ ನೀರು ಬೆರೆಸಿದ್ದಾರೆಂದು ಎಲ್ಲರೂ ಸಂಶಯಪಡುತ್ತಾರೆ. ನನಗೆ ಆ ನೀರಿನ ಮೇಲೂ ಸಂಶಯ.

ಇಂಥವನಿಗೆ ಯಂತ್ರಗಳ ಸಹವಾಸ ಒಗ್ಗುವುದು ಕಷ್ಟ. ಹೊಂಬಳದ ನಮ್ಮ ಮನೆಗೆ ಮೊದಲು ಬಂದ ಯಂತ್ರ ಟ್ರಾನ್ಸಿಸ್ಟರ್. ಅದರ ಸೆಲ್ಲು ಸೋತಾಗ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟರೆ ಇನ್ನೆರಡು ದಿನ ಹಾಡುತ್ತದೆ ಎಂಬುದು ಊರಿಗೇ ಗೊತ್ತಿದ್ದ ಉಪಾಯ. ಎಲ್ಲರೂ ಸೆಲ್ಲು ಇಟ್ಟು ಕೆಳಗಿಳಿದರೆ ನಾನು ಕಾಗೆ ಒಯ್ದೀತೆಂದು ಅವುಗಳ ಪಕ್ಕದಲ್ಲೇ ಕೂತಿರುತ್ತಿದ್ದೆ. ಆಮೇಲೆ ಸೊಲ್ಲಾಪುರದ ಸೋದರಮಾವ ಒಂದು ಕ್ಯಾಲ್ಕುಲೇಟರ್ ತಂದುಕೊಟ್ಟ. ಹಳೆಯದನ್ನು ಕೊಳ್ಳುವಾಗ ಎಂಟನ್ನು ಎಂಟು ಸಲ ಒತ್ತಿ ನೋಡಬೇಕು, ಅಂಕಿಯ ಒಂದು ಕಡ್ಡಿ ಸತ್ತಿದ್ದರೂ ಗೊತ್ತಾಗುತ್ತದೆ ಎಂಬ ಬುದ್ಧಿಯನ್ನೂ ಹೇಳಿಕೊಟ್ಟ. ನಾನು ಹೊಸದನ್ನೂ ಹಾಗೇ ಪರೀಕ್ಷಿಸಿದೆ. ಅದು ಕೊಟ್ಟ ಪ್ರತಿ ಉತ್ತರವನ್ನು ಮತ್ತೆ ಕೈಯಿಂದ ಮಾಡಿ ತಾಳೆ ನೋಡುತ್ತಿದ್ದೆ. ಕ್ಯಾಲ್ಕುಲೇಟರ್ ಇಲ್ಲದ ಹುಡುಗರ ಲೆಕ್ಕ ಮುಗಿದು ಅವರು ಚಹಾ ಕುಡಿದು ಬಂದರೂ ನನ್ನದು ಮುಗಿದಿರುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಊರಿಂದ ದಿನಾ ಬಸ್ಸಿನಲ್ಲಿ ಹೋಗಿಬಂದು ನಾನು ಓದುತ್ತಿದ್ದ ಗದಗಿನ ಕಾಲೇಜಿಗೆ ಕಂಪ್ಯೂಟರ್ ಬಂತು. ಬಂದದ್ದು ಎರಡು. ಅವುಗಳಿಗೆ ಒಂದು ತಣ್ಣನೆಯ ಕೋಣೆ, ಕಿಟಕಿಗೆ ದಪ್ಪ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ. ನಮ್ಮಪ್ಪ ಶಾಲೆಯ ಮಾಸ್ತರರು, ಬೆಳಗಿನ ಹೊತ್ತು ಊರ ವೀರಭದ್ರ ದೇವರ ಪೂಜೆಯೂ ನಮ್ಮ ಮನೆತನದ್ದೇ. ಹೀಗಾಗಿ ಚಪ್ಪಲಿ ಬಿಟ್ಟು ಒಳಹೋಗುವುದು, ಕೈಕಟ್ಟಿ ನಿಲ್ಲುವುದು, ಸರದಿ ಬರುವವರೆಗೆ ಸುಮ್ಮನಿರುವುದು ನನಗೆ ಹೊಸದಾಗಿರಲಿಲ್ಲ.

ನಮಗೆಲ್ಲ ಒಂದೊಂದು ಫ್ಲಾಪಿ ಕೊಟ್ಟರು. ಈಗಿನವರು ನೋಡಿರಲಿಕ್ಕಿಲ್ಲ. ಅಂಗೈಗಿಂತ ದೊಡ್ಡದಾದ, ತೆಳ್ಳನೆಯ ಕಪ್ಪು ಚೌಕ. ಒಳಗೊಂದು ತಿರುಗುವ ತಟ್ಟೆ. ನಡುವೆ ತೂತು, ಅದರ ಕೆಳಗೆ ಉದ್ದನೆಯ ಸಣ್ಣ ಕಿಂಡಿ. ಆ ಕಿಂಡಿಯಲ್ಲಿ ಕಾಣುವ ತಟ್ಟೆಯ ಮೈಯನ್ನೇ ಕಂಪ್ಯೂಟರ್ ಓದುವುದು. ಕಂಪ್ಯೂಟರ್ ಕಲಿಸುತ್ತಿದ್ದ ಇನಾಮದಾರ ಸರ್ ನಿಯಮಗಳನ್ನು ಬರೆಸಿದರು: ಮಡಚಬಾರದು, ಕಿಂಡಿಗೆ ಬೆರಳು ತಾಗಿಸಬಾರದು, ನೀರು ಸೋಕಬಾರದು, ಬಿಸಿಲಿಗಿಡಬಾರದು, ಅಯಸ್ಕಾಂತದ ಹತ್ತಿರ ಒಯ್ಯಬಾರದು. ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಿರಿ ಎಂದೂ ಹೇಳಿದರು. ಉಳಿದ ನಿಯಮಗಳನ್ನು ನಿತ್ಯಪೂಜೆಯ ಹಾಗೆ ಪಾಲಿಸಿದ ನಾನು ಈ ಕೊನೆಯದನ್ನು ಮಾತ್ರ ಬಿಟ್ಟೆ. ಪ್ರತಿ ಇದ್ದರೆ ಕದಿಯುವುದಕ್ಕೆ ಎರಡು ದಾರಿ ಆದಂತಲ್ಲವೇ?

ಕದಿಯುವಂಥದು ಏನಿತ್ತು ಎಂದರೆ, ನನ್ನ ಪ್ರೋಗ್ರಾಮು. ಯಾವ ತಾರೀಖು ಕೊಟ್ಟರೂ ಅದು ಯಾವ ವಾರ ಎಂದು ಹೇಳುತ್ತಿತ್ತು. ಎರಡು ತಿಂಗಳು ಬೆವರು ಸುರಿಸಿ ಬರೆದದ್ದು. ದಸರೆಯ ರಜೆ ಮುಗಿದ ವಾರವೇ ಹೊರಗಿನ ಪರೀಕ್ಷಕರು ಬಂದು ನೋಡುವವರಿದ್ದರು. ಅದು ನಡೆಯದಿದ್ದರೆ ಆ ವರ್ಷ ಹೋದಂತೆಯೇ.

ರಜೆಗೆ ಮುಂಚಿನ ದಿನ ಫಕ್ಕೀರಪ್ಪ ಬಂದು ಫ್ಲಾಪಿ ಕೇಳಿದ. ಶಿರಹಟ್ಟಿಯವನು, ಒಕ್ಕಲುತನದ ಮನೆಯವನು, ನನಗಿದ್ದ ಒಬ್ಬನೇ ಗೆಳೆಯ. ನನ್ನಂಥವನಿಗೆ ಎರಡನೆಯ ಗೆಳೆಯ ಸಿಗುವುದೂ ಕಷ್ಟ. ನನ್ನ ಪ್ರೋಗ್ರಾಮು ಹೇಗೆ ನಡೆಯುತ್ತದೆ ನೋಡಿ ಕೊಡುತ್ತೇನೆ ಎಂದ. ನಿಯಮಗಳನ್ನೆಲ್ಲ ಅವನ ಬಾಯಿಂದ ಒಪ್ಪಿಸಿಕೊಂಡು ಕೊಟ್ಟೆ. ಒಂದು ತಾಸಿನಲ್ಲಿ ಮರಳಿ ತಂದ. ಬೆಳಕಿಗೆ ಹಿಡಿದು ಬೆರಳಿನ ಗುರುತು ಹುಡುಕಿದೆ. ಅವನು ಎದುರಿಗೇ ನಿಂತು ನೋಡುತ್ತಿದ್ದ.

ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ. ಮನೆಯಲ್ಲಿ ಯಾರು ಯಾವುದರಿಂದ ಉಣ್ಣುತ್ತಾರೋ ಅದನ್ನೆಲ್ಲ ತೊಳೆದು ಸಾಲಾಗಿ ಇಟ್ಟು ಪೂಜಿಸುವುದು. ಅಪ್ಪನ ಪೆನ್ನು, ಅಡಿಗೆಮನೆಯ ಈಳಿಗೆ, ಕುಡುಗೋಲು, ಸೈಕಲ್ಲು ಎಲ್ಲ ಸೇರಿದವು. ಅಜ್ಜಿ ನನ್ನ ಕಡೆ ನೋಡಿ, ನಿನ್ನದೇನು ಎಂದು ಕೇಳಿದಳು. ಮಷೀನಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ದೇವರ ಮೇಲೂ ಪೂರ್ತಿ ಇತ್ತೆಂದು ಹೇಳಲಾರೆ. ಎರಡೂ ಕಡೆ ಅನುಮಾನ ಇರುವವನು ಎರಡಕ್ಕೂ ಕೈಮುಗಿದಿರುತ್ತಾನೆ. ಫ್ಲಾಪಿ ತಂದು ಪೆನ್ನಿನ ಪಕ್ಕದಲ್ಲಿಟ್ಟೆ.

ಅಜ್ಜಿ ಅದರ ಕಾಗದದ ಚೀಲ ತೆಗೆಯಲು ಹೇಳಿದಳು. "ಮುಸುಕು ಹಾಕ್ಕೊಂಡು ಕುಂತ್ರ ಪೂಜಿ ಹೆಂಗ ಮಾಡೂದೋ ತಮ್ಮಾ?" ಎಂದಳು. ತೆಗೆದೆ. ಅವಳು ಕುಂಕುಮ ಕಲಸಿದ ಬೆರಳು ಚಾಚಿದಳು. ನೀರು ಸೋಕಬಾರದು ಎಂದು ತಡೆದೆ. ಹೂವು ಏರಿಸಲು ಬಂದಳು. ಹೂವಿನ ಮೇಲೂ ನೀರಿತ್ತು, ತಡೆದೆ. ಕೊನೆಗೆ ಒಣ ವಿಭೂತಿ ಆದರೆ ಆದೀತೇನು ಎಂದು ಕೇಳಿದಳು. ನಾನು ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ. ವಿಭೂತಿಯ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ. ಅದು ನೀರಲ್ಲ, ಬಿಸಿಲಲ್ಲ, ಅಯಸ್ಕಾಂತವಂತೂ ಅಲ್ಲವೇ ಅಲ್ಲ. ಬೆರಳು ತಾಗಿಸದೆ ಮೇಲಿಂದ ಉದುರಿಸು ಎಂದೆ. ಅಜ್ಜಿ ಉದಾರವಾಗಿಯೇ ಉದುರಿಸಿದಳು. ಪೂಜೆ ಮುಗಿದ ಮೇಲೆ ಮಡಿ ಧೋತರದ ತುದಿಯಿಂದ ನಾನೇ ಚೆನ್ನಾಗಿ ಒರೆಸಿ, ಚೀಲದಲ್ಲಿಟ್ಟು, ಟ್ರಂಕಿಗೆ ಬೀಗ ಹಾಕಿ, ಮೂರು ಸಲ ಜಗ್ಗಿದೆ.

ರಜೆ ಮುಗಿದು ಹೋದ ದಿನ ಫ್ಲಾಪಿ ಹಾಕಿದರೆ ಮಷೀನು ಗಂಟಲಲ್ಲಿ ಕಡುಬು ಸಿಕ್ಕವರ ಹಾಗೆ ಗುರುಗುರು ಎಂದು ಸುಮ್ಮನಾಯಿತು. ಓದಲು ಬರುವುದಿಲ್ಲ ಎಂದು ಪರದೆಯ ಮೇಲೆ ಬಂತು. ಮತ್ತೆ ಹಾಕಿದೆ, ಮತ್ತೆ ಅದೇ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು ಎಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ನನ್ನ ತರ್ಕ ಇನ್ನೂ ಚುರುಕು: ಫ್ಲಾಪಿ ಕೆಟ್ಟಿದೆ, ನನ್ನ ಹೊರತು ಅದನ್ನು ಮುಟ್ಟಿದವನು ಒಬ್ಬನೇ.

ಆಗಲೇ ಫಕ್ಕೀರಪ್ಪ ಬಂದ. ಅಂಗಿಯ ಕಿಸೆಯಿಂದ ಬನ್ನಿ ಎಲೆ ತೆಗೆದು ನನ್ನ ಕಡೆ ಚಾಚಿದ. ದಸರೆಯ ದಿನವೂ ಅದರ ಮುಂದಿನ ದಿನಗಳಲ್ಲೂ ಸಿಕ್ಕವರಿಗೆಲ್ಲ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುವುದು ನಮ್ಮ ಕಡೆಯ ರೀತಿ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರೂ ಆಗ ಬನ್ನಿ ತೆಗೆದುಕೊಳ್ಳುತ್ತಾರೆ.

ನಾನು ಕೈ ಚಾಚಲಿಲ್ಲ.

"ನನ್ನ ಫ್ಲಾಪಿಗೆ ಏನ ಮಾಡ್ದಿ?" ಎಂದೆ.

ಅವನ ಮುಖ ಒಮ್ಮೆಲೇ ಬದಲಾಯಿತು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನೆನಪಾಗಿ ನನಗೆ ಖಾತ್ರಿಯೇ ಆಗಿಹೋಯಿತು. ಅವನು ಬನ್ನಿಯನ್ನು ಕಿಸೆಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ. ಮರುದಿನ ಬರಲಿಲ್ಲ.

ಅದೇ ದಿನ ಇನಾಮದಾರ ಸರ್ ಫ್ಲಾಪಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಅರಳೆಗೆ ಸ್ಪಿರಿಟ್ ಹಚ್ಚಿ ಕಿಂಡಿಯಲ್ಲಿ ಮೆಲ್ಲನೆ ಒರೆಸಿದರು. ಅರಳೆ ಬೂದುಬಣ್ಣಕ್ಕೆ ತಿರುಗಿತು. ನನ್ನ ಹಣೆಯ ಮೇಲಿನ ಮೂರು ಗೆರೆ ನೋಡಿದರು, ಮತ್ತೆ ಅರಳೆ ನೋಡಿದರು. "ಏನಪಾ, ಇದಕ್ಕೂ ದೀಕ್ಷಾ ಕೊಟ್ಟೀಯೇನು?" ಎಂದರು. ಮಷೀನಿನ ಒಳಗನ್ನೂ ಅವರೇ ಅರ್ಧ ತಾಸು ಒರೆಸಬೇಕಾಯಿತು. ಅಷ್ಟಾದರೂ ಫ್ಲಾಪಿಯಲ್ಲಿದ್ದದ್ದು ಮರಳಿ ಬರಲಿಲ್ಲ. ಹುಡುಗರು ನಕ್ಕರು. ನನಗೆ ನಗು ಕೇಳಿಸಲಿಲ್ಲ, ಚಾಚಿದ ಕೈಯೊಂದೇ ಕಣ್ಣ ಮುಂದೆ ಬಂತು. ಇಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಪರೀಕ್ಷಕರು ಬರಲು ಎರಡು ದಿನ ಉಳಿದಿತ್ತು. ಕೂತು ಮತ್ತೆ ಬರೆಯಬೇಕಾದ ಹೊತ್ತಿನಲ್ಲಿ ಮನೆಯ ಗೋಡೆಯ ಮಾಡದಲ್ಲಿ ಒಣಗುತ್ತಿದ್ದ ಬನ್ನಿ ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬೆಳಗಿನ ಶಿರಹಟ್ಟಿ ಬಸ್ ಹತ್ತಿದೆ. ಫಕ್ಕೀರಪ್ಪ ಮನೆಯಂಗಳದಲ್ಲಿ ಕಿತ್ತು ತಂದ ಶೇಂಗಾ ಬಳ್ಳಿಯ ಗುಡ್ಡೆಯ ಮುಂದೆ ಕೂತು ಕಾಯಿ ಬಿಡಿಸುತ್ತಿದ್ದ. ನಾನೂ ಎದುರಿಗೆ ಕೂತು ಬಿಡಿಸತೊಡಗಿದೆ. ಅಜ್ಜಿಯ ವಿಭೂತಿ, ಸರ್ ಒರೆಸಿದ ಅರಳೆ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಬನ್ನಿ ಮುಂದೆ ಹಿಡಿದೆ. ಒಣಗಿದ ಎಲೆ ಅರ್ಧ ಪುಡಿಯಾಗಿತ್ತು.

ಅವನು ಆ ಪುಡಿಯನ್ನೇ ಅಂಗೈಯಲ್ಲಿ ತೆಗೆದುಕೊಂಡ. ಎದ್ದು ಒಳಗೆ ಹೋಗಿ ತನ್ನ ಫ್ಲಾಪಿ ತಂದು ನನ್ನ ತೊಡೆಯ ಮೇಲಿಟ್ಟ.

"ಇದರಾಗ ನಿನ್ನ ಪ್ರೋಗ್ರಾಮ ಐತಿ. ಅವತ್ತ ಕಾಪಿ ಮಾಡ್ಕೊಂಡಿದ್ದೆ," ಎಂದ. "ಲೀಪ್ ವರ್ಷದ ಫೆಬ್ರುವರಿಗೆ ವಾರ ತಪ್ಪು ಹೇಳತಿತ್ತು. ತಿದ್ದೀನಿ."

ನನಗೆ ಜೀವ ಬಂದಂತಾಯಿತು. ಆದರೆ ಅದೇ ಕ್ಷಣಕ್ಕೆ ಒಳಗೊಂದು ಹುಳ ಕದಲಿತು. ನನ್ನನ್ನು ಕೇಳದೆ ಕಾಪಿ ಮಾಡಿಕೊಂಡದ್ದು ಯಾಕೆ? ಅವತ್ತು ಕಟ್ಟೆಯ ಹತ್ತಿರ ಹೇಳದೆ ಹೋದದ್ದು ಯಾಕೆ?

ಫಕ್ಕೀರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಈಗೂ ಸಂಶಯ ಬಂತಿಲ್ಲೋ ನಿನಗ?" ಎಂದ. "ಕೇಳಿದ್ರ ಕೊಡತಿದ್ದೀಯೇನಲೇ?"

ಕೊಡುತ್ತಿರಲಿಲ್ಲ. ಮತ್ತೆ ಶೇಂಗಾ ಬಿಡಿಸತೊಡಗಿದೆ. ಅವನ ಅವ್ವ ಬಿಸಿರೊಟ್ಟಿ ತಂದಿಟ್ಟಳು, ಉಂಡೆವು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಕೂಡಿ ಗದಗಿಗೆ ಬಂದೆವು. ಪರೀಕ್ಷಕರು ಮೊದಲು ಕೇಳಿದ್ದೇ ಲೀಪ್ ವರ್ಷದ ತಾರೀಖು.

ಅವನು ಅದನ್ನು ನನ್ನ ಸಲುವಾಗಿ ಕಾಪಿ ಮಾಡಿದನೋ, ತನ್ನ ಸಲುವಾಗಿ ಮಾಡಿದನೋ ಇಂದಿಗೂ ನನಗೆ ಗೊತ್ತಿಲ್ಲ. ನಮ್ಮ ಗೆಳೆತನ ಮಾತ್ರ ನಡೆದೇ ಇದೆ. ಮೊನ್ನೆಯೂ ಅವನ ಮನೆಯಲ್ಲಿ ಊಟ ಮಾಡಿ ಬಂದೆ. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂದಿದೆ. ಆದರೆ ಕೇಳಿಲ್ಲ. ಆಯುಷ್ಯದಲ್ಲಿ ನಾನು ಜಗ್ಗಿ ನೋಡದೆ ಬಿಟ್ಟದ್ದು ಅದೊಂದೇ.