ಡಿಕ್ಕಿಯೊಳಗೆ ಅತ್ತೆಯವರು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಶಹಾಬಾದಿನಲ್ಲಿ ದವಾಖಾನೆ ನಡೆಸುತ್ತಿದ್ದರು. ಹಳ್ಳಿಗಳಿಗೆ ಹೋಗಿಬರಲು ಕೊಂಡ ಹಳೆಯ ಕಾರಿಗೆ ಒಮ್ಮೆ ಹೈದರಾಬಾದಿನಲ್ಲಿ ಟೇಪು, ಎರಡು ಸ್ಪೀಕರು ಹಾಕಿಸಿಕೊಂಡು ಬಂದರು. ಕಾರು ಮನೆಮುಂದೆ ನಿಂತದ್ದೇ ತಡ, ಅತ್ತೆಯವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಭಜನೆಯ ಕ್ಯಾಸೆಟ್ ಹಾಕಿದೆವು. ಹಾಡೇನೋ ಚೆನ್ನಾಗಿಯೇ ಬಂತು. ತಬಲಾ ಶುರುವಾಯಿತು ನೋಡಿ, ಅವರ ತಲೆಯ ಹಿಂದಿನಿಂದ ‘ಗರ್‌ರ್... ಗರ್‌ರ್!’ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ.

“ಇದೇನೋ, ನಿನ್ನ ತಬಲಾದವಗ ನೆಗಡಿ ಆಗ್ಯದೇನು?” ಎಂದರು ಮಗನಿಗೆ.

ಯಜಮಾನರ ಮುಖ ಸಣ್ಣದಾಯಿತು. ಮರುದಿನವೇ ಪಕ್ಕದ ವಾಡಿ ಊರಿಗೆ ಹೋಗಿ, ರೇಡಿಯೋ ರಿಪೇರಿ ಮಾಡುವ ಸಾಹೇಬರೊಬ್ಬರಿಗೆ ತೋರಿಸಿದರು. ಅವರು ಸ್ಪೀಕರುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹಾಡು ಹಾಕಿದರೆ ಗಂಟೆಯಂಥ ದನಿ. “ಸ್ಪೀಕರ್ ಏಕ್‌ದಂ ಚಲೋ ಅದಾವ್ರಿ ಡಾಕ್ಟರ್ ಸಾಬ್. ಬೀಮಾರಿ ಗಾಡೀದು,” ಎಂದರಂತೆ. ತಿರುಗಿ ಕಾರಿಗೆ ಕೂಡಿಸಿದರೆ ಮತ್ತೆ ಗರ್‌ರ್. ಇತ್ತ ರೋಗಿಗಳು ಕಾಯುತ್ತಿದ್ದರು. ಯಜಮಾನರು ಟೇಪ್ ಬಂದ್ ಮಾಡಿ ಕೈಬಿಟ್ಟರು.

ಅತ್ತೆಯವರು ಬಿಡಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ, “ನಿನಗ ಗಾಡಿ ಹೊಡೀಲಿಕ್ಕೆ ಬರ್ತದಲ್ಲ, ನಡಿ, ಆ ಸದ್ದು ಹುಡುಕೋಣು,” ಎಂದರು. ಕಾರು ಕಲಿತು ಹೆಚ್ಚು ದಿನ ಆಗಿರಲಿಲ್ಲ; ಅಂಜಿಕೆಯೂ ಇತ್ತು, ಖುಷಿಯೂ ತಡೆಯಲಾರದಷ್ಟಿತ್ತು. ಭಂಕೂರ ದಾರಿ ಹಿಡಿದೆ. ಕಲ್ಲಿನ ಲಾರಿಗಳು ಓಡಾಡಿ ಆ ರಸ್ತೆಯೆಲ್ಲ ತಗ್ಗು. ಕಾರು ಕುಲುಕಿದಾಗೆಲ್ಲ ಒಂದೊಂದು ಮೂಲೆ ಒಂದೊಂದು ರಾಗ ತೆಗೆಯುತ್ತಿತ್ತು.

“ನಿಲ್ಸು! ಸಿಕ್ತು ಒಂದು!”

ಬೂದಿ ಉದುರಿಸುವ ಡಬ್ಬಿಯ ಮುಚ್ಚಳ. ಕಾಗದ ಮಡಚಿ ತುರುಕಿದೆವು. ಸ್ವಲ್ಪ ಮುಂದೆ ಹೋದರೆ ಹಿಂದೆ ಜಾಕು ಕುಣಿಯುತ್ತಿತ್ತು. ಅದಕ್ಕೆ ಹಳೆಯ ಅರಿವೆ ಸುತ್ತಿದೆವು. ಒಂದೊಂದು ಸದ್ದು ಅಡಗಿದಾಗಲೂ ಕಳ್ಳನನ್ನು ಹಿಡಿದವರಂತೆ ಇಬ್ಬರೂ ಚಪ್ಪಾಳೆ ಹೊಡೆದೆವು. ತಬಲಾದ ಗರ್‌ರ್ ಮಾತ್ರ ಜಗ್ಗಲಿಲ್ಲ.

ಬೇವಿನ ನೆರಳಿಗೆ ಕಾರು ನಿಲ್ಲಿಸಿ, ಟೇಪು ಜೋರು ಮಾಡಿ, ಡಿಕ್ಕಿ ತೆಗೆದೆ. ಅತ್ತೆಯವರು ಬಗ್ಗಿ ನೋಡಿ, “ನಾ ಒಳಗ ಹೋಗ್ತೀನಿ,” ಎಂದರು.

“ಅತ್ತಿ, ಬ್ಯಾಡ್ರಿ!” ಅನ್ನುವಷ್ಟರಲ್ಲಿ ಕಚ್ಚೆ ಬಿಗಿ ಮಾಡಿಕೊಂಡು ಹತ್ತಿಯೇಬಿಟ್ಟಿದ್ದರು. ಒಳಗೆ ಅಂಗಾತ ಮಲಗಿ, ಸೀಟಿನ ಹಿಂದೆ ಸ್ಪೀಕರುಗಳನ್ನು ಕೂಡಿಸಿದ್ದ ರಟ್ಟಿನ ಹಲಗೆಯ ಕೆಳಮೈಗೆ ಕಿವಿ ಹಚ್ಚಿದರು. ಕಾಲೆರಡೂ ಹೊರಗೆ.

ಆಗಲೇ ಕಲ್ಲಿನ ಲಾರಿಯೊಂದು ಗಕ್ಕನೆ ನಿಂತಿತು. ಡ್ರೈವರ್ ಜಿಗಿದು ಓಡಿಬಂದ. “ಅಕ್ಕೋರೆ, ಏನಾಗ್ಯದ್ರಿ ಅಜ್ಜಿಗಿ?”

“ಗದ್ದಲ ಮಾಡಬ್ಯಾಡ್ರಿ!” ಡಿಕ್ಕಿಯೊಳಗಿಂದ ದನಿ ಬಂತು. “ಕೇಳ್ಲಿಕತ್ತೀನಿ!”

ಅವನು ಬೆದರಿ ಹಿಂದೆ ಸರಿದ. ನಾನು ನಗು ತಡೆಯುತ್ತ ಸಂಗತಿ ಹೇಳುತ್ತಿರುವಾಗಲೇ ಒಳಗಿಂದ ಕೂಗು: “ಸಿಕ್ತು! ಇಲ್ಲೇ ಅದ!”

ಹಲಗೆಯ ಅಂಚು ಕೆಳಗಿನ ತಗಡಿಗೆ ಬಡಿಯುತ್ತಿತ್ತು. ಅತ್ತೆಯವರು ಅಂಗೈಯಿಂದ ಒತ್ತಿದರೆ ತಬಲಾ ಶುದ್ಧ, ಬಿಟ್ಟರೆ ಗರ್‌ರ್. ಡ್ರೈವರನಿಗೂ ಹುರುಪು ಬಂತು. “ಇನ್ನೊಮ್ಮಿ ಬಿಡ್ರಿ ಅಜ್ಜಿ... ಹಾಂ, ಒತ್ರಿ!” ಎಂದು ಕುಣಿದಾಡಿದ. ಲಾರಿಯಿಂದ ಹಳೆಯ ಟ್ಯೂಬು ತಂದು ಪಟ್ಟಿ ಪಟ್ಟಿ ಕತ್ತರಿಸಿ ಕೊಟ್ಟ. ಹಲಗೆಗೂ ತಗಡಿಗೂ ನಡುವೆ ಸುತ್ತಲೂ ರಬ್ಬರು ತುರುಕಿದೆವು. ತೂಗಾಡುತ್ತಿದ್ದ ವೈರನ್ನು ಸುತಳಿಯಿಂದ ಕಟ್ಟಿದೆವು.

ಮತ್ತೆ ಕ್ಯಾಸೆಟ್ ಹಾಕಿದೆ. ಅಬ್ಬಾ! ತಬಲಾದ ಪೆಟ್ಟು ನೇರ ಎದೆಯೊಳಗೇ ಬಿದ್ದಂತಾಯಿತು. ಡ್ರೈವರ್ ಬಾಗಿಲಿಗೆ ಒರಗಿ ತಾಳ ಹಾಕುತ್ತಿದ್ದ. ಕೂದಲ ತುಂಬ ಧೂಳು ಮೆತ್ತಿಕೊಂಡ ಅತ್ತೆಯವರು, “ಇನ್ನೂ ಜೋರ್ ಮಾಡು!” ಎಂದು ಕೂಗುತ್ತಿದ್ದರು.

ಅದೇ ಸದ್ದಿನಲ್ಲಿ ದವಾಖಾನೆಯ ಮುಂದೆ ಹೋಗಿ ನಿಂತೆವು. ಯಜಮಾನರು ಕೊರಳಲ್ಲಿ ಸ್ಟೆತಸ್ಕೋಪು ಇದ್ದಂತೆಯೇ ಹೊರಗೆ ಬಂದು, ಕಾರಿನೊಳಗೆ ಕೂತು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಾವೇ ಗುಂಡಿ ತಿರುಗಿಸಿ ದನಿ ಏರಿಸಿದರು. ಕಿಟಕಿಯಲ್ಲಿ ರೋಗಿಗಳ ಮುಖಗಳು ತುಂಬಿಕೊಂಡವು.

“ಯಾರು ಮಾಡಿದ್ರು ಇದನ್ನ?”

“ನಾನು, ನಿನ್ನ ಹೆಂಡ್ತಿ, ಮತ್ತ ಒಬ್ಬ ಲಾರಿ ಡ್ರೈವರ,” ಎಂದರು ಅತ್ತೆಯವರು. “ಬರೋ ಭಾನುವಾರ ಚಂದ್ರಂಪಳ್ಳಿ ಕೆರಿಗೆ ಹೋಗೋಣು. ದಾರಿ ಉದ್ದಕ್ಕೂ ಕೇಳ್ಬೇಕು.”

ಹೋದೆವು, ಚಿಂಚೋಳಿ ದಾಟಿ ಕಾಡಿನ ದಾರಿಯಲ್ಲಿ. ಎಡಬಾಗಿಲಲ್ಲಿ ಎಲ್ಲೋ ಒಂದು ‘ಟಿಕ್’ ಕೊನೆಗೂ ಸಿಗಲಿಲ್ಲ. ಅದು ಯಾರಿಗೂ ಬೇಕಾಗಿಯೂ ಇರಲಿಲ್ಲ. ತಾಯಿ ಮಗ ಹಿಂದೆ ಕೂತು ಹಾಡಿನ ಜೊತೆ ಹಾಡುತ್ತಿದ್ದರು. ಕೆರೆಯ ನೀರು ಕಾಣುವವರೆಗೂ ಗಾಡಿ ಹೊಡೆದವಳು ನಾನು.